ಮರುಭೂಮಿಗೆ ಹೊರಟ ಕರಿ ಕಂಬಳಿ

ಮರುಭೂಮಿಯಲ್ಲಿ ಸೈಕಲ್ ಹೊಡೆಯುವುದು ದೊಡ್ಡ ವಿಷಯವೇನಲ್ಲ. ರಸ್ತೆ ಸಪಾಟು, ಎಮ್ಮೆ ಅಡ್ಡ ಬರುವುದಿಲ್ಲ, ಪರಿಚಯದವರು ಸಿಗುವುದಿಲ್ಲ. ಬನಹಟ್ಟಿಯ ನನ್ನ ನೂಲಿನ ಅಂಗಡಿಯಲ್ಲಿ ಕುಳಿತು, ಮೊಬೈಲಿನಲ್ಲಿ ರಾಜಸ್ಥಾನದ ನಕಾಶೆ ನೋಡುತ್ತಾ ಈ ತೀರ್ಮಾನಕ್ಕೆ ಬಂದೆ. ಯಾವ ಊರಿನಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು, ಎಲ್ಲವೂ ನಿಶ್ಚಯವಾಯಿತು. ಉಳಿದದ್ದು ಹೆಂಡತಿಯ ಮಂಜೂರಾತಿ ಮಾತ್ರ.

ಶಾಂತವ್ವ ಒಗ್ಗರಣೆ ಹಾಕುತ್ತಲೇ ತೀರ್ಪು ಕೊಟ್ಟಳು.

"ಮೊದಲ ಈ ಬಿಸಲಾಗ ಬೀಳಗಿಗೆ ಹೋಗಿ ನಮ್ಮ ಅಕ್ಕನ ಮನಿ ಮುಟ್ಟಿ ತೋರಸ್ರಿ. ದಾರ್ಯಾಗ ಯಾರ ಕಡೆನೂ ಹನಿ ನೀರ ಇಸ್ಕೊಳ್ಳೂ ಹಂಗಿಲ್ಲ. ಆಮ್ಯಾಲ ಬೇಕಾದ್ರ ರಾಜಸ್ಥಾನಕ್ಕ ಹೋಗ್ರಿ."

ಇಷ್ಟು ಸುಲಭಕ್ಕೆ ಒಪ್ಪಿದಳಲ್ಲ ಎಂದು ನನಗೆ ಆಗಲೇ ಸಂಶಯ ಬಂತು. ನಾನು ನೂಲಿನ ಗಂಟನ್ನು ಎರಡೆರಡು ಸಲ ತೂಗಿಸಿ, ಆಮೇಲೆ ತಕ್ಕಡಿಯನ್ನೇ ಅನುಮಾನಿಸುವ ಮನುಷ್ಯ.

ಬಿಸಿಲಿಗೆ ಹಚ್ಚುವ ಕ್ರೀಮಿನ ಮೇಲೂ ನನಗೆ ನಂಬಿಕೆಯಿಲ್ಲ. ಅರಿಷಿಣಕ್ಕೆ ಕೊಬ್ಬರಿ ಎಣ್ಣೆ ಕಲಸಿ ಹಣೆ, ಗಲ್ಲ, ಕುತ್ತಿಗೆಗೆ ಧಾರಾಳವಾಗಿ ಬಳಿದುಕೊಂಡೆ. ಕುರಿಗಾರರು ಎಂಥ ಬಿಸಿಲಿನಲ್ಲೂ ಕಂಬಳಿ ಹೊದ್ದೇ ತಿರುಗುವುದನ್ನು ಕಂಡಿದ್ದೆ. ಹಾಗಾಗಿ ನಮ್ಮ ಓಣಿಯಲ್ಲಿ ಕುರಿ ಸಾಕಿರುವ ಮಾಳಪ್ಪನ ಬಳಿ ಒಂದು ಕರಿ ಕಂಬಳಿ ಕೇಳಿದೆ. ಅವನು ನನ್ನ ಮುಖ ನೋಡಿ, ಎರಡೂ ಕೈಯಿಂದ ಕಂಬಳಿ ಕೊಟ್ಟು, ಕೈ ಮುಗಿದ. ಹುಟ್ಟಿದಾಗಿನಿಂದ ನನಗೆ ಕೈ ಮುಗಿಯದವನು! ಇದರಲ್ಲೂ ಏನೋ ಇದೆ ಅಂದುಕೊಂಡೆ.

ಜಮಖಂಡಿ ದಾಟುವ ಮೊದಲೇ ಪಿತೂರಿ ಬಯಲಾಯಿತು. ಕಬ್ಬಿನ ಹೊಲದ ಪಕ್ಕ ಒಬ್ಬ ರೈತ ಅಡ್ಡ ನಿಂತು ಮಜ್ಜಿಗೆಯ ಚರಿಗೆ ಚಾಚಿದ. ತಪ್ಪಿಸಿಕೊಂಡೆ. ಮುಂದೆ ಪಂಕ್ಚರ್ ಅಂಗಡಿಯವನು ಕಲ್ಲಂಗಡಿ ಹೋಳು ಹಿಡಿದು ಹಿಂದೆಯೇ ಓಡಿ ಬಂದ. ಅವನಿಂದಲೂ ಪಾರಾದೆ. ಆಮೇಲೆ ಬೈಕೊಂದು ಪಕ್ಕಕ್ಕೇ ಬಂತು, ಹಿಂದೆ ಕುಳಿತವನು ನನ್ನ ಫೋಟೊ ಹೊಡೆದುಕೊಂಡ. ಸಾಕ್ಷಿ ಸಮೇತ ಹಿಡಿಯುವ ಏರ್ಪಾಡು! ನನ್ನನ್ನು ಸೋಲಿಸಲು ಶಾಂತವ್ವ ಊರೂರಿಗೆ ಫೋನ್ ಮಾಡಿದ್ದಾಳೆ ಎಂಬುದರಲ್ಲಿ ಇನ್ನು ಅನುಮಾನ ಉಳಿಯಲಿಲ್ಲ. ಹಲ್ಲು ಕಚ್ಚಿ ಪೆಡಲ್ ತುಳಿದೆ.

ಬೀಳಗಿ ಇನ್ನೂ ದೂರವಿರುವಾಗಲೇ ನನ್ನ ಬಾಟಲಿಗಳು ಖಾಲಿಯಾದವು. ಕಂಬಳಿಯೊಳಗೆ ನಾನು ಹಬೆಯಲ್ಲಿ ಬೇಯುತ್ತಿದ್ದೆ. ಕುರಿಗಾರರು ಸೈಕಲ್ ಹೊಡೆಯುವುದಿಲ್ಲ ಎಂಬುದು ಆಗ ಹೊಳೆಯಿತು. ಅಷ್ಟರಲ್ಲಿ ಒಂದು ತೋಟದ ಮನೆಯ ಮುಂದೆ ಮುದುಕಿಯೊಬ್ಬಳು ಹ್ಯಾಂಡಲ್ ಹಿಡಿದು ನಿಲ್ಲಿಸಿದಳು. ಕೊಡ ತುಂಬಾ ತಣ್ಣೀರು ತಂದಳು. ತಂದು, ಅಷ್ಟನ್ನೂ ನನ್ನ ಕಾಲಿಗೆ ಸುರಿದಳು! ನಾಲಗೆ ಅಂಗುಳಕ್ಕೆ ಅಂಟಿದ್ದ ನಾನು ಹರಿದು ಹೋಗುವ ನೀರನ್ನು ನೋಡಿ ಅಳುವುದೊಂದು ಬಾಕಿ.

"ಖರೆ ಹೇಳಬೇ ಯವ್ವಾ," ಎಂದೆ. "ನಮ್ಮಾಕಿ ನಿನಗ ಯಾವಾಗ ಫೋನ್ ಮಾಡಿದ್ಲು?"

"ಯಾರಪಾ ನಿಮ್ಮಾಕಿ?" ಎಂದಳು ಮುದುಕಿ. "ಮೈತುಂಬ ಭಂಡಾರ ಹಚ್ಕೊಂಡು, ಕಂಬಳಿ ಹೊತ್ಕೊಂಡು ಬೀರಪ್ಪಗ ನಡದೋರನ್ನ ಹಂಗ ಕಳಸಾಕ ಬರ್ತೈತೇನು?"

ಗಲ್ಲ ಮುಟ್ಟಿಕೊಂಡೆ. ಬೆರಳು ಹಳದಿಯಾಯಿತು. ಕುರಿಗಾರರ ದೇವರು ಬೀರಪ್ಪನ ಭಕ್ತರು ಹಚ್ಚುವ ಭಂಡಾರವೂ ಅರಿಷಿಣವೇ, ಹೊದೆಯುವುದೂ ಕರಿ ಕಂಬಳಿಯೇ. ದಾರಿಯುದ್ದಕ್ಕೂ ಜನ ನನ್ನನ್ನು ಹರಕೆ ಹೊತ್ತು ಹೊರಟವನೆಂದು ಉಪಚರಿಸಲು ಬಂದಿದ್ದರು. ನಾನು ಅವರನ್ನೆಲ್ಲ ಕಳ್ಳರ ಹಾಗೆ ನೋಡಿದ್ದೆ. ನಾಚಿಕೆಯಾಯಿತು, ಆದರೆ ಬಾಯಾರಿಕೆ ಅದಕ್ಕಿಂತ ಹೆಚ್ಚಾಗಿತ್ತು. ಅಜ್ಜಿಯ ಮಜ್ಜಿಗೆಯನ್ನು ಪಾತ್ರೆ ಬರಿದಾಗುವವರೆಗೆ ಕುಡಿದು, ಬೇವಿನ ನೆರಳಿಗೆ ಬಿದ್ದುಕೊಂಡೆ. ರಾಜಸ್ಥಾನ ಅಲ್ಲಿಗೆ ಮುಗಿಯಿತು.

ಎಚ್ಚರವಾದಾಗ ಎದುರಿಗೆ ಶಾಂತವ್ವ, ಪಕ್ಕದಲ್ಲಿ ಅವಳ ಅಕ್ಕ. ಬೈಕಿನವರು ಹೊಡೆದ ನನ್ನ ಫೋಟೊ ಫೋನಿನಿಂದ ಫೋನಿಗೆ ಹಾರಿ ಬೀಳಗಿ ಮುಟ್ಟಿ, ಅಲ್ಲಿಂದ ಬನಹಟ್ಟಿಗೆ ಹೋಗಿತ್ತಂತೆ. ಇಬ್ಬರೂ ದಾರಿಯುದ್ದಕ್ಕೂ ಕೇಳುತ್ತಾ ನನ್ನನ್ನು ಹುಡುಕಿ ಬಂದಿದ್ದರು. ನಾನು ಸೋತೆನೆಂದು ಒಪ್ಪಿಕೊಳ್ಳಲು ಬಾಯಿ ತೆರೆದೆ. ಅವಳು ಬಿಡಲಿಲ್ಲ.

"ಮರುಭೂಮಿ ಹಾಳಾಗಿ ಹೋಗ್ಲಿ. ಮನ್ಯಾಗ ಯಾರಿಗೂ ಹೇಳದ ಹರಕಿ ಹೊರೂವಂತಾದ್ದು ಏನ್ ಮಾಡೀರಿ, ಅದನ್ನ ಮೊದಲ ಹೇಳ್ರಿ."

ಏನೂ ಮಾಡಿಲ್ಲವೆಂದು ಆಣೆ ಮಾಡಿ ಹೇಳಿದೆ. ಬಿಸಿಲಿಗಾಗಿ ಅರಿಷಿಣ ಹಚ್ಚಿದ್ದೆಂದೂ ಹೇಳಿದೆ. ಅಕ್ಕ ತಂಗಿ ಮುಖ ಮುಖ ನೋಡಿಕೊಂಡರು. ಸೈಕಲ್ ಅಜ್ಜಿಯ ತೋಟದಲ್ಲೇ ಉಳಿಯಿತು, ನಾನು ಬಸ್ಸಿನಲ್ಲಿ ಮರಳಿದೆ.

ಈಗ ಸಂಜೆ ಮೊಸರು ತರಲು ಹೊರಟರೂ ಶಾಂತವ್ವ ಬಾಗಿಲಲ್ಲಿ ನನ್ನನ್ನು ತಡೆದು, ಮುಖವನ್ನು ಬೆಳಕಿಗೆ ತಿರುಗಿಸಿ ಎರಡೆರಡು ಸಲ ನೋಡುತ್ತಾಳೆ, ನಾನು ನೂಲಿನ ಗಂಟು ನೋಡುವ ಹಾಗೆ.