ನೀಲಗಂಗೆಯ ಲಾಡಿವಿಜಯ

ಹಾಲನ್ನೂ ನೀರನ್ನೂ ಬೇರೆ ಮಾಡಬಲ್ಲ ಹಂಸವನ್ನೇರಿದ ವಾಗ್ದೇವಿಯೇ, ಬಾ. ಆದರೆ ಆ ಹಂಸವನ್ನು ಮುಂಬಾಗಿಲಲ್ಲೇ ಬಿಟ್ಟು ಬಾ. ಹಿತ್ತಲಲ್ಲಿ ನಿಂತಿರುವುದು ಸೋಪಿನ ನೀರು, ಅದನ್ನು ಬೇರೆ ಮಾಡುವ ವಿದ್ಯೆ ನಿನ್ನ ಹಕ್ಕಿಗೂ ಬಾರದು. ತ್ರೇತಾಯುಗದಲ್ಲಿ ಬಿಲ್ಲು ಮುರಿಯಿತು, ದ್ವಾಪರದಲ್ಲಿ ತೊಡೆ ಮುರಿಯಿತು. ಈ ಕಲಿಯುಗದಲ್ಲಿ, ಅದರಲ್ಲೂ ಪ್ಲಾಸ್ಟಿಕ್ ಪೈಪುಗಳು ಪಾತಾಳವನ್ನಾಳುವ ಈ ಉಪಯುಗದಲ್ಲಿ, ಮುರಿಯಬೇಕಾದದ್ದು ಒಂದು ಮೋರಿ ಪೈಪು. ಅದೊಂದು ಮಾತ್ರ ಮುರಿಯಲಿಲ್ಲ. ಅದನ್ನು ಸೀಳಿದ ಬಕೆಟ್‌ದ್ವಯಧಾರಿಣಿ, ಒಗ್ಗರಣೆಧೂಮಧೂಸರಿತಕುಂತಳೆ, ಜೋಳದರೊಟ್ಟಿತಾಡನಕೋವಿದೆ, ಗದಗಿನ ನೀಲಗಂಗೆಯ ಕಥೆಯನ್ನು ಹೇಳುತ್ತೇನೆ. ನನ್ನ ನಾಲಿಗೆಯಲ್ಲಿ ನಿಲ್ಲು. ಮೂಗು ಮುಚ್ಚಿಕೊಂಡಾದರೂ ನಿಲ್ಲು.

ರಣಭೂಮಿಯನ್ನು ಮೊದಲು ಕಾಣಿರಿ. ಪಾತ್ರೆಯಂಗಡಿಯ ಚನ್ನವೀರಪ್ಪನದೊಂದು ಮನೆ, ಅವನ ತಮ್ಮ ಡ್ರಿಲ್ ಮಾಸ್ತರ ಮುರಿಗೆಪ್ಪನದೊಂದು ಮನೆ. ಎರಡಕ್ಕೂ ಒಂದೇ ಹಿತ್ತಲು, ಒಂದೇ ಒಗೆಯುವ ಕಲ್ಲು. ಆ ಕಲ್ಲಿಗೂ ಕಾಂಪೌಂಡಿಗೂ ನಡುವೆ ಒಂದು ಸಂದು. ಬೆಕ್ಕು ನೇರವಾಗಿ ಹೋಗಬಲ್ಲದು, ಮನುಷ್ಯರು ಅಡ್ಡಲಾಗಿ ಹೋಗಬೇಕು. ಆ ಸಂದಿನ ನೆಲದೊಳಗೆ, ಕಲ್ಲಿನ ಬುಡಕ್ಕೆ ಮೈಯೊತ್ತಿ ಮಲಗಿತ್ತು ಮಲಜಲಪಾನಮತ್ತವಾದ ಆ ಬೂದುಬಣ್ಣದ ಮಹಾಸರ್ಪ. ಕಲ್ಲಿನ ಕೆಳಗೆ ನೆಟ್ಟಗಿದ್ದು, ಅಲ್ಲಿಂದ ಗಟಾರದ ತನಕ ಕುಸಿದು, ಹೂಳು ನುಂಗಿ ಕಟ್ಟಿಕೊಂಡಿತ್ತು. ಪ್ಲಂಬರ್ ಬಂದ, ಬಗ್ಗಿ ನೋಡಿದ, "ಸಂದಿನ್ಯಾಗ ಒಂದು ಕಡೆ ಕತ್ತರಿಸಿದ್ರ ಆತು, ಕೆಟ್ಟ ತುಂಡು ಗಟಾರದ ಕಡಿಂದ ಎಳದು ತಗೀಬಹುದು. ಆದ್ರ ಗರಗಸ ಆಡಸಾಕ ಜಾಗ ಎಲ್ಲೈತ್ರೀ? ಕಲ್ಲು ಒಡಿಸಿ ಫೋನ್ ಮಾಡ್ರಿ" ಎಂದು ಹೋದ.

ಕಲ್ಲು ಒಡೆಯುವುದು! ಈ ಮಾತು ಗಂಡಸರ ಕಿವಿಗೆ ಬರೀ ಕೆಲಸದಂತೆ ಕೇಳಿತು. ನೀಲಗಂಗೆ ಮಾತ್ರ ಕಲ್ಲಿಗೂ ಗಂಡಸರಿಗೂ ನಡುವೆ ಬಂದು ನಿಂತಳು.

ಯಾಕೆಂದರೆ ಅದು ಕಲ್ಲಲ್ಲ. ಪ್ರತಿದಿನ ಮುಂಜಾನೆ ಚನ್ನವೀರಪ್ಪನ ಹೆಂಡತಿ ನೀಲಗಂಗೆಯೂ ಅವಳ ನೆಗೆಣ್ಣಿ, ಮುರಿಗೆಪ್ಪನ ಹೆಂಡತಿ ಮಹಾನಂದೆಯೂ ಅದರ ಎರಡು ಬದಿಗೆ ನಿಂತು ಬಟ್ಟೆ ಬಡಿಯುತ್ತಾರೆ. ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ, ಮನೆಯೊಳಗೆ ಯಾವ ಗೋಡೆಗೂ ಹೇಳಲಾಗದ್ದನ್ನು ಹೇಳುತ್ತಾರೆ. ಮಹಾನಂದೆಯ ಹೊಟ್ಟೆಯ ಕೂಸು ನಿಲ್ಲದೆ ಹೋದ ವರ್ಷ, ಒಳಗೆ ಎಲ್ಲರೂ "ದೇವರಿಚ್ಛಾ" ಎಂದರು; ಇಲ್ಲಿ ನೀಲಗಂಗೆ ಒಣಗಿದ ಚಾದರವನ್ನೇ ಮತ್ತೆ ನೆನೆಸಿ ಜೋರಾಗಿ ಬಡಿಯುತ್ತ ನಿಂತಳು, ಮಹಾನಂದೆಯ ಅಳು ಯಾರಿಗೂ ಕೇಳಿಸದಿರಲೆಂದು. ಅದೇ ಕಲ್ಲಿನ ಮೇಲೆ ಅವರು ನಕ್ಕಿದ್ದೂ ಇದೆ. ಎಷ್ಟೆಂದರೆ ಒಮ್ಮೆ ಮುರಿಗೆಪ್ಪನ ಚಡ್ಡಿ ಕೈಜಾರಿ ಪಕ್ಕದ ಮನೆಯ ನುಗ್ಗೆಗಿಡಕ್ಕೆ ಪತಾಕೆಯಾಗಿತ್ತು.

"ಕಲ್ಲು ಮುಟ್ಟಬ್ಯಾಡ್ರಿ. ಮದಲ ಪೈಪ್ ಕತ್ತರಿಸಿ ನೋಡ್ರಿ" ಎಂದಳು ನೀಲಗಂಗೆ.

ಆಗ ಗುದ್ದಲಿಯಿಂದ ಮಣ್ಣು ತೋಡಿ ಸರ್ಪದ ಬೆನ್ನನ್ನು ಬಯಲು ಮಾಡಿದ ಸೀಟಿಕಂಠಾಭರಣನಾದ ಮುರಿಗೆಪ್ಪ, ಗರಗಸವನ್ನು ಗಾಂಡೀವದಂತೆ ಎತ್ತಿ ಗರ್ಜಿಸಿದ: "ಕೇಳ್ರಿ ಎಲ್ಲಾರೂ! ಇಡೀ ಶಾಲೀನ ಒಂದ ಸೀಟಿಗೆ ಎಡಕ್ಕ ತಿರುಗಿಸಿದಾಂವ ನಾನು. ನಾ ಗರಗಸ ಎತ್ತಿದೆ ಅಂದ್ರ ಈ ಪೈಪು ಹೆದರಿ ತಾನ ಎರಡಾಗತೈತಿ!"

"ಮದಲ ಅಂಗಿ ಬಿಚ್ಚಿಡ್ರಿ," ಎಂದಳು ಮಹಾನಂದೆ. "ಇವತ್ತು ಒಗಿಯೂದಿಲ್ಲ."

ಗರಗಸ ಮುಂದೆ ಹೋದರೆ ಕಾಂಪೌಂಡಿಗೆ ಬಡಿಯಿತು, ಹಿಂದೆ ಬಂದರೆ ಕಲ್ಲಿಗೆ. ನಡುವೆ ಸಿಕ್ಕದ್ದು ಮುರಿಗೆಪ್ಪನ ಬೆರಳಗೆಣ್ಣು. ಸೀಟಿ ಊದದೆಯೇ ಅವನು ಎಡಕ್ಕೆ ತಿರುಗಿದ.

"ಬಲ ಅಲ್ಲೋ ತಮ್ಮಾ, ಬುದ್ಧಿ ಬೇಕು" ಎನ್ನುತ್ತ ಮುಂದೆ ಬಂದ ತುಲಾದಂಡಪ್ರಚಂಡ ಚನ್ನವೀರಪ್ಪ. "ಹಿಡಿಕಿ ತಗದು ಬರೇ ಬ್ಲೇಡ್ ಹಿಡಿಯೂದು. ನೋಡ್ಕೋತ ನಿಲ್ರಿ!" ಎಂದು ಸಂದಿನೊಳಗೆ ನುಗ್ಗಿದ. ಅವನು ನುಗ್ಗಿದ, ಹೊಟ್ಟೆ ಅರ್ಧಕ್ಕೆ ನಿಂತಿತು.

"ಅಣ್ಣಾ, ಉಸುರು ಬಿಡು!"

"ಬಿಟ್ಟರ ಮತ್ತ ತಗೊಳ್ಳಾಕ ಜಾಗ ಎಲ್ಲೈತೋ!"

ತಮ್ಮ ತೋಳು ಹಿಡಿದು ಎಳೆದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಆಗಲಿಲ್ಲ. ಹೊರಬಂದ ಚನ್ನವೀರಪ್ಪನ ಅಂಗಿಯ ಗುಂಡಿಗಳು ರಣದಲ್ಲೇ ಉಳಿದವು. "ಇನ್ನ ಮುಗೀತು," ಎಂದ ಅವನು, ನಿಜವಾದ ಕರುಣೆಯಿಂದಲೇ. "ಹಾರಿ ತರ್ತೀವಿ, ಕಲ್ಲು ಒಡೀತೀವಿ. ನಿಮಗಿಬ್ಬರಿಗೂ ಒಂದೊಂದು ಮಷಿನ್ ತರೂಣು. ನಿಮ್ಮ ನಿಮ್ಮ ಮನ್ಯಾಗ ಆರಾಮ ಕುಂತು ಒಗೀರಿ."

ಅಣ್ಣತಮ್ಮಂದಿರು ಓಣಿಯ ಕೊನೆಯ ಮನೆಯಿಂದ ಕಬ್ಬಿಣದ ಹಾರೆ ತರಲು ಹೋದರು. ನಿಮ್ಮ ನಿಮ್ಮ ಮನೆಯಲ್ಲಿ ಎಂಬ ಮಾತು ಹಿತ್ತಲಲ್ಲಿ ನಿಂತೇ ಇತ್ತು.

"ಅಕ್ಕಾ," ಎಂದಳು ಮಹಾನಂದೆ. ಅವಳ ಅಂಗೈ ಕಲ್ಲಿನ ಮೇಲಿತ್ತು.

ನೀಲಗಂಗೆ ಪೈಪನ್ನೇ ನೋಡುತ್ತಿದ್ದಳು. "ನಮ್ಮವ್ವ ಮಜ್ಜಿಗಿ ಕಡೀತಿದ್ದಳಲ್ಲ," ಎಂದಳು, "ಹಗ್ಗ ತಿಕ್ಕಿ ತಿಕ್ಕಿ ಕಡಗೋಲಿಗೆ ಕಚ್ಚು ಬಿದ್ದಿತ್ತು. ಮುಟ್ಟಿದ್ರ ಸುಡತಿತ್ತು. ಕಟ್ಟಿಗಿನ ಸವೀತೈತಿ ಅಂದ್ರ ಪ್ಲಾಸ್ಟಿಕ್ ಕರಗೂದಿಲ್ಲೇನು?"

ಬಟ್ಟೆ ಒಣಹಾಕುವ ಹಗ್ಗ ತಂದರು. ದಪ್ಪವಾಗಿ ಪೈಪಿನ ಕೆಳಗೆ ತೂರಲಿಲ್ಲ. ಹೊಲಿಗೆಯ ದಾರ ತಂದರು. ಎರಡು ಎಳೆತಕ್ಕೆ ತುಂಡಾಯಿತು. ಇವೆರಡರ ನಡುವಿನದೊಂದು, ಹುರಿಗೊಂಡದ್ದು, ಗಟ್ಟಿಯಾದದ್ದು, ಹೆಣ್ಣಿನ ಭಾರ ಹೊತ್ತು ಗೊತ್ತಿದ್ದದ್ದು ಬೇಕಿತ್ತು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಆದರೆ ಹಾ ವಿಧಿಯೇ! ಮೋರಿ ಕಟ್ಟಿಕೊಂಡಂದಿನಿಂದ ಎರಡೂ ಮನೆಯ ಲಂಗಗಳು ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ಒದ್ದೆ ಲಾಡಿ ಬಿಸಿಯಾಗದು.

"ನಂದು ಎಲಾಸ್ಟಿಕ್ಕು" ಎಂದು ತಲೆ ತಗ್ಗಿಸಿದಳು ಮಹಾನಂದೆ.

ನೀಲಗಂಗೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಬಂದಾಗ ಬಲಗೈಯಲ್ಲಿ ದಿವ್ಯಾಸ್ತ್ರವಿತ್ತು, ಎಡಗೈ ನೈಟಿಯ ಮೇಲಿಂದ ಸೊಂಟವನ್ನು ಬಿಗಿಯಾಗಿ ಹಿಡಿದಿತ್ತು.

"ಕೇಳು ಮಹಾನಂದಾ! ಈ ಲಾಡಿ ಬಾಣಂತನ ಕಂಡೈತಿ, ಬೀಗರ ಮನಿಯ ಹೋಳಿಗಿ ಊಟ ತಡಕೊಂಡೈತಿ, ಬಸ್ಸಿನ್ಯಾಗ ನಿಂತು ಹುಬ್ಬಳ್ಳಿಗೆ ಹೋಗಿ ಬಂದೈತಿ. ಒಂದ ದಿನ ನನ್ನ ಮಾನ ಕಳದಿಲ್ಲ. ಇವತ್ತು ಕಲ್ಲಿನ ಮಾನ ಉಳಿಸತೈತಿ!"

ಸವಟಿನಿಂದ ಪೈಪಿನ ಕೆಳಗಿನ ಮಣ್ಣು ಗೀರಿ ತೆಗೆದರು. ಲಾಡಿಯ ತುದಿಗೆ ಸೇಫ್ಟಿ ಪಿನ್ ಸಿಕ್ಕಿಸಿ ನೀಲಗಂಗೆ ಬೆರಳಿಂದ ನೂಕಿದಳು. ಒಂದೇ ಸಲಕ್ಕೆ, ಹುತ್ತಕ್ಕೆ ಹಾವು ಹೊಕ್ಕಂತೆ, ಪಿನ್ನು ಆಚೆ ಬದಿ ತಲೆಯೆತ್ತಿತು. ಗುಂಡಿಯ ಆಚೆ ಮಹಾನಂದೆ, ಈಚೆ ನೀಲಗಂಗೆ. ಒಂದೊಂದು ತುದಿ ಒಬ್ಬೊಬ್ಬರಿಗೆ. ಹಾಲ್ಗಡಲನ್ನು ಕಡೆದ ದೇವದಾನವರು ಕಡೆಗೆ ಜಗಳವಾಡಿದರು. ಇವರಿಗೆ ಅದಕ್ಕೆ ಪುರಸೊತ್ತಿರಲಿಲ್ಲ.

"ಎಳಿ!"

"ಬಿಡು!"

"ನೀ ಬಿಡು, ನಾ ಎಳೀತೀನಿ!"

"ಅಕ್ಕಾ, ಎರಡೂ ಕೈಯಿಂದ ಎಳೀ!"

"ಎರಡೂ ಕೈಯಿಂದ ಎಳದ್ರ ಇನ್ನೊಂದು ಇಳೀತೈತಿ!"

ಮಹಾನಂದೆ ನಕ್ಕಳು. ನಕ್ಕಾಗ ಕೈ ಸೋತಿತು, ಕೈ ಸೋತದ್ದಕ್ಕೆ ನೀಲಗಂಗೆ ಬೈದಳು, ಬೈಯುತ್ತ ಅವಳಿಗೂ ನಗು ಬಂತು. ಇಬ್ಬರೂ ಕಣ್ಣೀರು ಸುರಿಸುತ್ತ, ಬಿಕ್ಕುತ್ತ, ಎಳೆದರು. ನವಿರಾಗಿ ಹೊಗೆಯೆದ್ದಿತು. ಸುಟ್ಟ ಬಾಚಣಿಗೆಯ ವಾಸನೆ ಹಿತ್ತಲನ್ನು ತುಂಬಿತು. ಲಾಡಿ ಕೆಳಗಿನಿಂದ ಕಚ್ಚಿತು, ಏರಿತು, ಸರ್ಪದ ಎರಡೂ ಪಕ್ಕೆಗಳನ್ನು ತಿಂದಿತು.

ಆಗ ಓಣಿಯ ಕಲ್ಲುಹಾಸಿನ ಮೇಲೆ ಹಾರೆ ಎಳೆದ ಸದ್ದು ಕೇಳಿಸಿತು: ಖಣ್, ಖಣ್.

ಇಬ್ಬರೂ ನಗು ನಿಲ್ಲಿಸಿದರು. ಒಬ್ಬರ ಮುಖವನ್ನೊಬ್ಬರು ನೋಡಿದರು. ಆಮೇಲೆ ಎಳೆದ ಎಳೆತದಲ್ಲಿ ಆ ಕಲ್ಲಿನ ಮುಂದೆ ನಿಂತ ಅಷ್ಟೂ ಮುಂಜಾನೆಗಳಿದ್ದವು.

ಟಪ್!

ಪೈಪು ಎರಡಾಯಿತು, ಆ ಕ್ಷಣವೇ ಲಾಡಿಯೂ. ಇಬ್ಬರೂ ಹಿಂದಕ್ಕೆ ಕುಂಡೆಯೂರಿ ಬಿದ್ದರು. ಕಟ್ಟಿಕೊಂಡಿದ್ದ ಕಪ್ಪುನೀರು ಜಯಘೋಷ ಮಾಡುತ್ತ ಗುಂಡಿಗೆ ಧುಮುಕಿ ಅವರ ಪಾದಗಳಿಗೆ ಅಭಿಷೇಕ ಮಾಡಿತು.

ಹಾರೆ ಹಿಡಿದ ಚನ್ನವೀರಪ್ಪ ಬಗ್ಗಿ ನೋಡಿದ. ಕತ್ತರಿಸಿದ ಬಾಯಿ ನುಣ್ಣಗಿತ್ತು. "ಯಾತರಿಂದ ಕತ್ತರಿಸಿದ್ರಲೇ?"

"ನಿಮಗ್ಯಾಕ ಬೇಕ್ರಿ? ಹಾರಿ ವಾಪಸ್ ಕೊಟ್ಟು ಬರ್ರಿ" ಎಂದಳು ನೀಲಗಂಗೆ.

ಮುರಿಗೆಪ್ಪನಿಗೆ ಆನಂದ ತಡೆಯಲಾಗಲಿಲ್ಲ. ಸೀಟಿ ಊದಿ, ಅತ್ತಿಗೆಯತ್ತ ಮೊಬೈಲ್ ಎತ್ತಿದ. "ವೈನೀ, ಫೋಟೋ! ಎರಡೂ ಕೈ ಮ್ಯಾಲ!"

ತ್ರಿಭುವನದಲ್ಲಿ ಯಾರಿಗೂ ಮಣಿಯದ ವೀರಾಂಗನೆ ಆ ಆಜ್ಞೆಗೆ ಹೌಹಾರಿದಳು. ಎಡಗೈ ಸೊಂಟ ಬಿಡದೆ, ಅಡ್ಡಡ್ಡ ಹೆಜ್ಜೆಯಿಡುತ್ತ, ಏಡಿಯ ಗಾಂಭೀರ್ಯದಿಂದ ಒಳಗೆ ಹೋದಳು. ಕಾರಣ ಬಲ್ಲ ಮಹಾನಂದೆ ಕಲ್ಲನ್ನು ತಬ್ಬಿಕೊಂಡು ನಗುತ್ತಿದ್ದಳು.

ಗಂಡಸರು ಕೆಟ್ಟ ತುಂಡನ್ನು ಗಟಾರದ ಕಡೆಯಿಂದ ಎಳೆದು ಬಿಸಾಕಿದರು. ಹೊಸ ಪೈಪು ತಂದರು, ಗಮ್ ಹಚ್ಚಿ ಜೋಡಿಸಿದರು, ಅದು ಒಣಗುವವರೆಗೆ ತಾವು ಹೇಗೆ ಗೆದ್ದೆವೆಂದು ಪಕ್ಕದ ಮನೆಯವರಿಗೆ ಹೇಳಿದರು. ನೀರು ಬಿಟ್ಟರೆ ಗುಳುಗುಳು ಹರಿಯಿತು. ಕಲ್ಲಿನ ಮೇಲೆ ಮಹಾನಂದೆಯ ಮೊದಲ ಸೀರೆಯ ಏಟು ಬಿತ್ತು, ಎರಡನೆಯದು ಬಿತ್ತು. ಎದುರು ಬದಿಯ ಏಟು ಬೀಳಲಿಲ್ಲ.

"ಅಕ್ಕಾ! ಎಷ್ಟೊತ್ತು? ಬರ್ತೀಯೋ ಇಲ್ಲೋ?"

ಒಳಗೆ, ಬಚ್ಚಲ ಬಾಗಿಲ ಹಿಂದೆ, ಮಹಾಸರ್ಪಮರ್ದಿನಿ ಮಂಡಿಯ ಮೇಲೆ ಲಂಗವನ್ನು ಹರಡಿಕೊಂಡು ಕೂತಿದ್ದಳು. ಕರಿಹತ್ತಿದ ಎರಡು ತುಂಡು ಲಾಡಿಗೆ ಗಂಟು ಹಾಕಿ, ತುದಿಗೆ ಅದೇ ಪಿನ್ನು ಸಿಕ್ಕಿಸಿ, ಸೊಂಟಪಟ್ಟಿಯೊಳಗೆ ಇಂಚಿಂಚಾಗಿ ನೂಕಿ, ಅರ್ಧ ದಾರಿ ದಾಟಿ, ಮುಕ್ಕಾಲು ಮುಟ್ಟಿದ್ದಳು.

"ಬಂದೆ ತಡಿಯ," ಎಂದು ಕೂಗಿದಳು. "ಪಿನ್ನು ಒಳಗ ಬಿಚ್ಚಿಕೊಂಡೈತಿ!"