ಮಲಗಿದವರಿಗೆ ಮಾತ್ರ ಔಷಧಿ

ನಮ್ಮ ಸೋದರಮಾವನಿಗೆ ಇರುವುದು ಒಂದೇ ಕಾಯಿಲೆ, ಅದು ಆರೋಗ್ಯ ವಿಮೆ! ಬಿ.ಪಿ., ಸಕ್ಕರೆ, ಮಂಡಿನೋವು ಯಾವುದೂ ಅವರ ಹತ್ತಿರ ಸುಳಿದಿಲ್ಲ. ಆದರೆ ಯಾರಾದರೂ 'ಪಾಲಿಸಿ' ಎಂದರೆ ಸಾಕು, ಸರಸ್ವತಿ ನಗರದ ಅವರ ಮನೆ ಮುಂದೆ ಜನ ಸೇರುವಷ್ಟು ದನಿ ಏರುತ್ತದೆ.

ಕಾರಣ, ಅತ್ತೆಯ ಹೃದಯದ ಮಾತ್ರೆ. ವರ್ಷಾ ವರ್ಷಾ ಕಂತು ಕಟ್ಟಿದ್ದ ಪಾಲಿಸಿಯಿಂದ ಮಾತ್ರೆಗೂ ಹಣ ಬರುತ್ತದೆಂದು ಮಾವ ನಂಬಿದ್ದರು. ಬಿಲ್ಲು ಕಳಿಸಿದರೆ ಕಂಪನಿಯಿಂದ ಬಂದ ಉತ್ತರವೇ ಬೇರೆ. ಮನೆಯಲ್ಲಿ ನುಂಗುವ ಮಾತ್ರೆಗೆ ಹಣವಿಲ್ಲ, ಆಸ್ಪತ್ರೆಯಲ್ಲಿ ಮಲಗಿ ನುಂಗಿದರೆ ಉಂಟು.

"ಅಂದ್ರೆ, ನಿಂತ್ಕಂಡು ನುಂಗಿದ್ರೆ ರೋಗ ಇಲ್ಲ, ಮಲ್ಕಂಡು ನುಂಗಿದ್ರೆ ಐತೆ ಅಂತನಾ?" ಎಂದು ಮಾವ ದಾರಿಹೋಕರನ್ನೂ ನಿಲ್ಲಿಸಿ ಕೇಳಿದರು. ನೀವೇ ಹೇಳಿ, ಇದಕ್ಕೆ ಯಾರ ಹತ್ತಿರ ಉತ್ತರವಿದೆ?

ಪಾಲಿಸಿ ಮಾಡಿಸಿದವರನ್ನು ಹಿಡಿದು ಕೇಳಬಹುದಿತ್ತು. ಆದರೆ ಅವರು ಹರಿಹರದ ಬೀಗರು, ಮಗಳ ಮಾವ. ಅವತ್ತು ಮಾವ ಕಾಗದ ಓದದೆ ಸಹಿ ಹಾಕಿದ್ದೂ ಅದಕ್ಕೇ. ಬೀಗರ ಮುಂದೆ ಓದುತ್ತಾ ಕೂತರೆ ನಂಬಿಕೆ ಇಲ್ಲವೆಂದಾಗುವುದಿಲ್ಲವೇ? ಆದರೂ ಒಂದು ದಿನ ಹಲ್ಲು ಕಚ್ಚಿಕೊಂಡು ಹರಿಹರದ ಬಸ್ಸು ಹತ್ತಿದರು. ನಾನೂ ಜೊತೆಗಿದ್ದೆ. ದಾರಿಯುದ್ದಕ್ಕೂ ಬೈಗುಳಗಳನ್ನು ಬಾಯಿಪಾಠ ಮಾಡಿದರು. ಬೀಗರು ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು, "ಬರ್ರಿ ಬೀಗ್ರೇ, ಕೂಡ್ರಿ" ಎಂದು ಎಲೆ ತುಂಬ ಹೋಳಿಗೆ ಬಡಿಸಿದರು. ತುಪ್ಪ ಸುರಿಯುತ್ತಾ, "ಪಾಲಿಸಿ ಹೆಂಗೈತ್ರಿ?" ಎಂದರು.

ಮಾವ ಬಾಯಲ್ಲಿದ್ದ ಹೋಳಿಗೆ ನುಂಗಿ, "ಭಾಳ ಚಲೋ ಐತ್ರಿ" ಎಂದರು.

ನುಂಗಿದ ಸಿಟ್ಟು ಎಲ್ಲಿಗೆ ಹೋಗಬೇಕು? ನಿಜಲಿಂಗಪ್ಪ ಬಡಾವಣೆಯ ಮೆಡಿಕಲ್ ಶಾಪಿಗೆ ಹೋಯಿತು. ತಿಂಗಳಿಗೊಮ್ಮೆ ಅತ್ತೆಯನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ ಜಗಳ.

"ನಾನು ಮಂಡಕ್ಕಿ ವ್ಯಾಪಾರ ಮಾಡುವಾಗ ಅಳತೆ ಮೇಲೆ ಒಂದು ಹಿಡಿ ಕೊಸರು ಹಾಕ್ತಿದ್ದೆ. ನೀನು ಒಂದು ಗುಳಿಗೆ ಕೊಸರು ಕೊಡಾಕ ಆಗಲ್ವಾ?"

"ಯಜಮಾನ್ರೇ, ಕೊಸರು ಗುಳಿಗೆ ನುಂಗಿದ್ರೆ ಅಮ್ಮಾರು ಆಸ್ಪತ್ರೆ ಸೇರ್ತಾರ್ರಿ."

"ಸೇರ್ಲಿ ಬಿಡು, ಅಲ್ಲಾದ್ರೆ ಪುಕ್ಕಟೆ."

ಅಂಗಡಿ ಮುಂದೆ ನಿಂತವರೆಲ್ಲ ನಗುತ್ತಿದ್ದರು. ಅತ್ತೆ ಚೀಲ ಹಿಡಿದುಕೊಂಡು ರಸ್ತೆಯ ಕಡೆ ನೋಡುತ್ತಿದ್ದರು. ಆಮೇಲಾಮೇಲೆ, "ಮನ್ಯಾಗೆ ಇನ್ನೂ ಗುಳಿಗೆ ಅದಾವ್ರಿ, ಈ ತಿಂಗ್ಳು ಬ್ಯಾಡ" ಎನ್ನತೊಡಗಿದರು. ಮಾವ ನಂಬಿದರು.

ಕಳೆದ ಶ್ರಾವಣದಲ್ಲಿ ಅತ್ತೆ ಅಡುಗೆಮನೆಯಲ್ಲೇ ಕುಸಿದುಬಿದ್ದರು. ಆಸ್ಪತ್ರೆಗೆ ಸೇರಿಸಿದೆವು. ದಿನದ ಒಂದು ಮಾತ್ರೆಗೆ ಕಾಸು ಬಿಚ್ಚದ ಕಂಪನಿ ಈಗ ಹಾಸಿಗೆಗೆ, ಸೂಜಿಗೆ, ಡಾಕ್ಟರಿಗೆ ಎಲ್ಲಕ್ಕೂ ಕಣ್ಣುಮುಚ್ಚಿ ಕೊಟ್ಟಿತು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದೆಂದರೆ ಇದೇ ಅಲ್ಲವೇ? ಮೆಡಿಕಲ್ ಶಾಪಿನಲ್ಲಿ ಜಗಳಾಡಿ ತರುತ್ತಿದ್ದ ಅದೇ ಮಾತ್ರೆಯನ್ನು ನರ್ಸಮ್ಮ ತಟ್ಟೆಯಲ್ಲಿಟ್ಟು ತಂದರು, ಪುಕ್ಕಟೆ! ನನಗೆ ಮೈಯೆಲ್ಲ ಉರಿಯಿತು. ಮಾವ ಈಗ ವಾರ್ಡನ್ನೇ ನಡುಗಿಸುತ್ತಾರೆಂದು ಕಾದೆ.

ಮಾವ ಮಂಚದ ಹತ್ತಿರ ಹೋಗಿ ಅತ್ತೆಯ ಕಡೆ ಬಾಗಿದರು. ಅತ್ತೆ ಕೆಲವು ತಿಂಗಳಿಂದ ದಿನ ಬಿಟ್ಟು ದಿನ ಮಾತ್ರೆ ನುಂಗುತ್ತಿದ್ದರೆಂದು ಡಾಕ್ಟರು ಆಗಷ್ಟೇ ಹೇಳಿ ಹೋಗಿದ್ದರು.

"ಯಾಕ ಹಂಗ್ ಮಾಡ್ದಿ? ರೊಕ್ಕ ಇಲ್ಲ ಅಂದಿದ್ನಾ ನಾನು?"

"ರೊಕ್ಕಕ್ಕಲ್ರಿ," ಎಂದರು ಅತ್ತೆ, ಮೆಲ್ಲಗೆ. "ಗುಳಿಗೆ ಉಳಿದ್ರೆ ನೀವು ಅಂಗಡಿಗೆ ಹೋಗೋದು ಒಂದ್ಸಲ ತಪ್ಪತೈತಿ. ಅಲ್ಲಿ ನಿಮ್ಮನ್ನ ನೋಡಿ ಅಷ್ಟು ಜನ ನಗ್ತಾರ. ನನ್ ಕೈಲಿ ನೋಡಾಕ ಆಗಲ್ರಿ."

ಮಾವ ತಟ್ಟೆಯಲ್ಲಿದ್ದ ಮಾತ್ರೆಯನ್ನು ಅತ್ತೆಯ ಅಂಗೈಗೆ ಹಾಕಿದರು. ನೀರಿನ ಲೋಟವನ್ನು ತಾವೇ ಅವರ ತುಟಿಗೆ ಹಿಡಿದರು. ಮಾತ್ರೆ ಗಂಟಲಿನಲ್ಲಿ ಇಳಿದ ಮೇಲೂ ಆ ಲೋಟವನ್ನು ಕೆಳಗಿಡದೆ, ಅತ್ತೆಯ ಮುಖವನ್ನೇ ನೋಡುತ್ತ ನಿಂತಿದ್ದರು.