ಅತ್ತೆಯ ಮುಖಕ್ಕೆ ಬಂದ ಕಳೆ

ಬ್ಯೂಟಿ ಪಾರ್ಲರ್ ಇಟ್ಟವಳಿಗೆ ನಗುವುದಕ್ಕೇನೂ ಬರ ಇಲ್ಲ, ದಿನಾ ಒಂದಿಲ್ಲೊಂದು ನಡೆದೇ ಇರುತ್ತದೆ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನನ್ನದು ಎರಡು ಕುರ್ಚಿಯ ಅಂಗಡಿ. ಈ ಕಥೆ ಹೇಳಿದರೆ ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ.

ಸಬ್ಜಾ

ಎಸ್‌ಟಿಡಿ ಬೂತುಗಳಿದ್ದ ಕಾಲ. ಗಂಡ ದುಬೈಯಲ್ಲಿದ್ದ ಗಿರಾಕಿಯೊಬ್ಬರು ಕ್ರೀಮಿನ ಪುಟ್ಟ ಡಬ್ಬಿ ಕೊಟ್ಟರು. "ಭಾಳ ಭಾರಿ ಮಾಲಂತ್ರೀ. ಯಾರಿಗರ ಹಚ್ಚಿ ನೋಡ್ರಿ." ಮೇಲೆ 'ಕ್ಯಾವಿಯಾರ್' ಎಂದಿತ್ತು, ಕೆಳಗೆ ಮಿರಿಮಿರಿ ಕರಿ ಕಾಳಿನ ಚಿತ್ರ. ಏನದು ಎಂದು ಇಬ್ಬರಿಗೂ ಗೊತ್ತಿಲ್ಲ.

ಅವತ್ತೇ ಕಮಲಾಪುರದಿಂದ ನನ್ನ ಸೋದರತ್ತೆ ಬಂದಿದ್ದಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು, ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದವಳು. ಚಿತ್ರ ನೋಡಿದ್ದೇ ತೀರ್ಪು ಕೊಟ್ಟಳು. "ಶರಬತ್ತಿಗೆ ಹಾಕ್ತಾರಲ್ಲ, ನೆನಸಿದ ಸಬ್ಜಾ ಇದು. ಮಾರಿಗೆ ತಂಪ. ಕೊಡಿಲ್ಲಿ."

ನಮ್ಮೂರ ಬೇಸಿಗೆಯಲ್ಲಿ ತಂಪು ಅಂದರೆ ಎದುರು ಮಾತಾಡುವವರು ಯಾರು? ಡಬ್ಬಿ ಸೆರಗಿನ ಗಂಟು ಸೇರಿ ಕಮಲಾಪುರಕ್ಕೆ ಹೋಯಿತು.

ಅಯ್ಯನವರ ಮಾತು

ಮುಂಜಾನೆ ಸ್ನಾನ, ಕ್ರೀಮು, ಮೇಲೆ ವಿಭೂತಿ, ಆಮೇಲೆ ಪೂಜೆ. ಅತ್ತೆಯ ಮುಖ ಹೊಳೆಯತೊಡಗಿತು. ಓಣಿಯ ಹೆಂಗಸರು, "ಅಮ್ಮಾರ, ಮಾರಿ ಮ್ಯಾಲ ಏನ್ ಕಳಾ ಬಂದದ್ರೀ!" ಎಂದು ಕಾಲಿಗೆ ಬೀಳುವುದೊಂದು ಬಾಕಿ. ಮನೆಗೆ ಬಂದ ಮಠದ ಅಯ್ಯನವರಂತೂ ನೆರೆದವರಿಗೆ, "ಪೂಜಾ ಅಂದ್ರ ಹಿಂಗಿರಬೇಕು ನೋಡ್ರಿ, ಮಾರಿನೇ ಹೇಳ್ತದ," ಅಂದರಂತೆ.

ಎರಡು ತಿಂಗಳಿಗೆ ಡಬ್ಬಿ ಖಾಲಿಯಾಗಿ, ಅತ್ತೆ ಕೆಂಪು ಬಾಳೆಹಣ್ಣಿನ ಚೀಲ ಹೊತ್ತು ನನ್ನ ಅಂಗಡಿಗೆ ಬಂದಳು. "ಇನ್ನೊಂದು ಡಬ್ಬಿ ತರಿಸು. ಅಯ್ಯನೋರ ಮಾತು ಉಳೀಬೇಕಲ್ಲೇ."

ಸಬೂನು

ಅದೇ ಹೊತ್ತಿಗೆ ಆ ಗಿರಾಕಿ ಬರಬೇಕೆ! ಗಂಡನಿಗೆ ಫೋನ್ ಹಚ್ಚಿ ಕೇಳಿದ್ದರಂತೆ. "ಅದು ಮೀನಿನ ತತ್ತೀ ರಸ ಅಂತ್ರೀ! ಅದಕ್ಕ ಅಷ್ಟು ತುಟ್ಟಿ."

ಅತ್ತೆ ಎದ್ದು ನಲ್ಲಿಗೆ ಹೋದಳು. ಸಬೂನು ಸವೆಯುವ ತನಕ ಮುಖ ತಿಕ್ಕಿದಳು.

"ಹೊಟ್ಟಿಗೇನ್ ಹೋಗಿಲ್ಲ ಬಿಡತ್ತಿ," ಎಂದೆ.

"ಕ್ರೀಮು ಚರ್ಮದಾಗ ಇಳೀತದ ಅಂತ ಗಿರಾಕಿಗೆಲ್ಲಾ ಹೇಳಾಕಿ ನೀನೇ ಅಲ್ಲೇನು?"

ಎರಡು ಹೊತ್ತು

ಕ್ರೀಮು ನಿಂತಿತು, ಕಳೆಯೂ ಇಳಿಯಿತು. ಅತ್ತೆ ಪಾರ್ಲರಿಗೆ ಬರುವುದನ್ನೇ ಬಿಟ್ಟಳು. ತಡೆಯಲಾರದೆ ನಾನೇ ಕಮಲಾಪುರಕ್ಕೆ ಹೋದೆ. ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದ ಮನೆಯಾಕೆ ನನ್ನೆದುರೇ ಕೇಳಿಬಿಟ್ಟಳು, "ಅಮ್ಮಾರ, ಮಾರಿ ಯಾಕ ಬಾಡ್ಯಾದ್ರೀ? ಪೂಜಾ ಬಿಟ್ಟೀರೇನು?"

ಅತ್ತೆ ಎದ್ದು ಒಳಗೆ ಹೋದಳು. ನಾನೂ ಹಿಂದೆ ಹೋದೆ. ಆ ಗಿರಾಕಿ ಫೋನ್ ಮಾಡದೇ ಇದ್ದಿದ್ದರೆ ಯಾರ ಗಂಟೇನು ಹೋಗುತ್ತಿತ್ತು ಎಂದು ಇವತ್ತಿಗೂ ನನಗೆ ಅನಿಸುತ್ತದೆ.

"ಈಗ ಎರಡು ಹೊತ್ತು ಪೂಜಾ ಮಾಡಾಕತ್ತೀನಿ," ಅಂದಳು. ಕಣ್ಣಲ್ಲಿ ನೀರು. ಅದರ ನಡುವೆಯೇ ನಗು ಬಂತು. "ಜನ್ಮಪೂರ್ತಿ ಮಾಡಿದ ಪೂಜಾ ಯಾರ ಕಣ್ಣಿಗೂ ಕಾಣಲಿಲ್ಲ. ಎರಡು ತಿಂಗಳು ಮೀನಿನ ತತ್ತಿ ಹಚ್ಚಿದ್ರ ಊರೇ ಕೈ ಮುಗೀತಲ್ಲೇ, ತಂಗಿ!"